ಮೊದಲು ನೆಲ ನೋಡ್ರೀ, ಆಮೇಲೆ ಶೂ ಕೊಡಿಸ್ರೀ!

ಬೆಂಗಳೂರಲ್ಲಿ ಕೂತಿರೋ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಒಂದು ಚಟ. ಊರಿನ ಶಾಲೆಗೆ ಏನಾದ್ರೂ ಕೊಡಬೇಕು. ಕೊಡೋದು ಒಳ್ಳೇದೇ... ಏನು ಬೇಕು ಅಂತ ಕೇಳದೇ ಕೊಡ್ತೀವಲ್ಲ, ಅದು ನನ್ನ ತಕರಾರು. ಈ ತಪ್ಪು ನಾನೂ ಮಾಡಿದೀನಿ, ಹಾಗಾಗಿ ಬಯ್ಯೋ ಹಕ್ಕಿದೆ :)

2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೀತಲ್ಲ, ಬೆಂಗಳೂರಿನ ಹೆಸರಲ್ಲೂ ಒಂದು ತಂಡ ಇತ್ತು. ಅದನ್ನ ನೋಡಿ ಹುಮ್ಮಸ್ಸು ಬಂದು ನಾವು ಐದಾರು ಗೆಳೆಯರು ದುಡ್ಡು ಹಾಕಿ, ಜಗಳೂರು ಕಡೆಯ ಒಂದು ಶಾಲೆಗೆ ರಗ್ಬಿ ಚೆಂಡು, ಹನ್ನೆರಡು ಜೊತೆ ಸ್ಟಡ್ ಶೂ ಕಳಿಸಿದ್ವಿ. ಉದ್ದನೆಯ ಲೋಹದ ಸ್ಟಡ್! ಫೋಟೋ ಬಂತು, ಲೈಕು ಬಿತ್ತು. ಎರಡು ವಾರಕ್ಕೆ ಪಿ.ಟಿ. ಮೇಷ್ಟ್ರ ಫೋನು: "ಹುಡುಗ್ರು ಹಿಮ್ಮಡಿ ನೋವು ಅಂತಾರೆ ಸಾರ್. ಶೂ ಬಿಚ್ಚಿಟ್ಟು ಬರಿಗಾಲಲ್ಲೇ ಆಡ್ತಾರೆ."

ತಪ್ಪು ಹುಡುಗರದ್ದಲ್ಲ. ಆ ಸ್ಟಡ್ ಇರೋದೇ ಒದ್ದೆ ಹುಲ್ಲಿನ ಮೆತ್ತನೆ ನೆಲಕ್ಕೆ. ರಗ್ಬಿ ನಿಯಮದಲ್ಲಿ 21 ಮಿ.ಮೀ. ಉದ್ದದವರೆಗೂ ಅವಕಾಶ ಇದೆ. ಮಣ್ಣಿಗೆ ಇಳಿದರೆ ಹಿಡಿತ. ಗರಸು ನೆಲದಲ್ಲಿ ಎಲ್ಲಿಗೆ ಇಳಿಯುತ್ತೆ? ಮೈಭಾರ ಪೂರ್ತಿ ಆರೆಂಟು ಮೊಳೆ ಮೇಲೆ ನಿಂತ ಹಾಗೆ. ಅಂಗಾಲು ಉರಿ, ಕಾಲು ಉಳುಕು.

ದಾವಣಗೆರೆ ಒಂದೇ ಜಿಲ್ಲೆ, ಆದ್ರೆ ನೆಲ ಒಂದೇ ಅಲ್ಲ ಸ್ವಾಮಿ. ಜಗಳೂರು ಬರದ ಸೀಮೆ. ಹೊನ್ನಾಳಿ ಕಡೆ ಎರೆಮಣ್ಣಿನ ಬಯಲು ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆ ಬಂದ್ರೆ ಸ್ಟಡ್ ಸಂದಿಯಲ್ಲೆಲ್ಲಾ ಮೆತ್ತಿ ಶೂ ಜಾರುಬಂಡೆ ಆಗುತ್ತೆ. 2018ರಲ್ಲಿ ಹೊನ್ನಾಳಿಯಿಂದ ಬೇರೆ ತಾಲೂಕಾದ ನ್ಯಾಮತಿ, ಅಡಿಕೆ ತೋಟಗಳ ಚನ್ನಗಿರಿ... ಮಳೆಗಾಲದಲ್ಲಿ ಕೆಸರು, ಏಪ್ರಿಲ್‌ನಲ್ಲಿ ಅದೇ ಮೈದಾನ ಗಟ್ಟಿ.

ಹಾಗಾದ್ರೆ ಏನು ಕೊಡಿಸೋದು? ಗಟ್ಟಿ ನೆಲಕ್ಕೆ ಅಡಿಯಲ್ಲಿ ತುಂಬಾ ಸಣ್ಣ ಸಣ್ಣ ರಬ್ಬರ್ ಗುಬುಟು ಇರೋ ಟರ್ಫ್ ಶೂ. ಹುಲ್ಲಿರೋ ಮೈದಾನಕ್ಕೆ ಅಚ್ಚಿನಲ್ಲೇ ಬಂದ ಗಿಡ್ಡ ಸ್ಟಡ್. ಕೆಸರಿಗೆ ಉದ್ದ, ದೂರ ದೂರ ಇರೋ ಸ್ಟಡ್. ಅಲ್ಲೂ ಅತಿಯಾದ್ರೆ ಅಪಾಯ. ಪಾದ ನೆಲ ಕಚ್ಚಿಕೊಂಡು ಮೈ ಮಾತ್ರ ತಿರುಗಿದ್ರೆ ಮಂಡಿಯ ಲಿಗಮೆಂಟ್ ಹರಿಯುತ್ತೆ. ಆಪರೇಶನ್, ತಿಂಗಳುಗಟ್ಟಲೆ ಕುಂಟೋದು. ಕೂಲಿ ಮಾಡೋ ಮನೆಯ ಹುಡುಗನಿಗೆ ಆ ಖರ್ಚು ನಾವು ಕೊಡ್ತೀವಾ? ಒಂದೇ ಜೊತೆಗೆ ದುಡ್ಡಿದ್ರೆ ನನ್ನ ಓಟು ಟರ್ಫ್ ಶೂಗೆ.

ಇನ್ನೊಂದು ಗುಂಪಿದೆ. "ಬರಿಗಾಲೇ ನಮ್ಮ ಸಂಪ್ರದಾಯ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಫುಟ್‌ಬಾಲ್ ತಂಡ ಬರಿಗಾಲಲ್ಲೇ ಆಡಿತ್ತು" ಅಂತಾರೆ. ಹೌದು, ಹೆಚ್ಚಿನವರು ಬರಿಗಾಲಲ್ಲೇ ಆಡಿದ್ರು, ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತಿದ್ರು. ಮಣ್ಣಿನ ಅಂಕಣದ ಕಬಡ್ಡಿಗೆ ಬರಿಗಾಲು ಸರಿ. ಅದೇ ಕಬಡ್ಡಿ 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯ ಮ್ಯಾಟ್ ಮೇಲೆ ಹೋದಾಗ ಆಟಗಾರರು ಚಪ್ಪಟೆ ಅಡಿಯ ಶೂ ಹಾಕಿದ್ರು. ಇನ್ನು ರಗ್ಬಿಯಲ್ಲಿ ಎದುರಿನವನು ಸ್ಟಡ್ ಹಾಕಿ ನಿಮ್ಮ ಬೆರಳು ತುಳಿದಾಗ ಸಂಪ್ರದಾಯ ಎಲ್ಲಿರುತ್ತೆ?

ಕೊಡೋ ಮುಂಚೆ ಒಂದು ಫೋನ್ ಮಾಡಿ. ನೆಲ ಎಂಥದ್ದು, ಯಾವ ತಿಂಗಳಲ್ಲಿ ಆಡ್ತಾರೆ, ಕಾಲಿನ ಅಳತೆ ಎಷ್ಟು. ಮೂರೇ ಪ್ರಶ್ನೆ.

ನಮ್ಮ ಹನ್ನೆರಡು ಜೊತೆ ಈಗಲೂ ಶಾಲೆಯ ಬೀರುವಿನಲ್ಲಿ ಹೊಳೀತಾ ಕೂತಿವೆ. ನೀವೂ ಹೀಗೇನಾದ್ರೂ ಕಳಿಸಿದೀರಾ? ಧೈರ್ಯ ಇದ್ರೆ ಬರೀರಿ :)