ಕಾಲ ನಿಂತ ಊರು ಎಲ್ಲಿದೆ?

ಗ್ರೀಸಿನ ದ್ವೀಪಗಳಿಗೆ ಹೋಗಿಬಂದು ಬರೆಯುವವರು ಒಂದು ವಾಕ್ಯವನ್ನು ತಪ್ಪದೆ ಬರೆಯುತ್ತಾರೆ: “ಇಲ್ಲಿ ಕಾಲ ನಿಂತುಬಿಟ್ಟಿದೆ.” ಓದುವವರಿಗೂ ಅದು ಹಿತವಾಗಿರುತ್ತದೆ. ನಗರದ ಗಡಿಬಿಡಿಯಲ್ಲಿ ಬೇಯುವ ನಮಗೆ, ಗಡಿಯಾರದ ಹಂಗಿಲ್ಲದ ಊರೊಂದು ಎಲ್ಲಿಯೋ ಉಂಟೆಂದರೆ ಬೇಡವೆನಿಸೀತೆ? ಆದರೆ ಈ ಮಾತು ಸುಳ್ಳು. ಅಷ್ಟೇ ಅಲ್ಲ, ಆ ಊರಿನವರಿಗೆ ಮಾಡುವ ಅನ್ಯಾಯವೂ ಹೌದೆಂಬುದು ನನ್ನ ವಾದ.

ನಾನು ಕಂಡ ಸೀಮಿ ದ್ವೀಪವನ್ನೇ ತೆಗೆದುಕೊಳ್ಳೋಣ. ರೋಡ್ಸ್ ದ್ವೀಪದಿಂದ ಸುಮಾರು 40 ಕಿಲೋಮೀಟರು. ಎದುರಿಗೇ ತುರ್ಕಿಯ ಕರಾವಳಿ. ಹಾಯಿದೋಣಿಯಲ್ಲಿ ಬಂದವರು ಬಂದರಿನಲ್ಲಿ ಲಂಗರು ಬಿಟ್ಟು ತಲೆಯೆತ್ತಿದರೆ, ಗುಡ್ಡದ ಮೇಲೆ ಹಳದಿ, ಕಾವಿ, ಕೆನೆ ಬಣ್ಣದ ಮನೆಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ. ಒಂದು ರಾತ್ರಿಯ ಮಟ್ಟಿಗೆ ನಿಂತ ನಮ್ಮ ದೋಣಿಯನ್ನು ‘ಮೆಲ್ಟೆಮಿ’ ಎಂಬ ಬೇಸಗೆಯ ಗಾಳಿ ಐದು ದಿನ ಹಿಡಿದಿಟ್ಟಿತು. ನಾನು ಮೇಲಿನ ಹಳ್ಳಿಯಾದ ಖೋರಿಯೋದಲ್ಲಿ ಕೋಣೆ ಹಿಡಿದೆ. ಅಲ್ಲಿಗೆ ನೂರಾರು ಕಲ್ಲುಮೆಟ್ಟಿಲುಗಳ ದಾರಿ. ಬಂದರಿನಲ್ಲೇ ಕುಳಿತು ಕಾಫಿ ಕುಡಿದು ಹೊರಟವರಿಗೆ ಕಾಣದ್ದು ಈ ಮೆಟ್ಟಿಲು ಹತ್ತುವವನಿಗೆ ಕಾಣುತ್ತದೆ: ಬಣ್ಣದ ಮನೆಗಳ ನಡುವೆ ಸೂರಿಲ್ಲದ ಗೋಡೆಗಳು, ನಡುಮನೆಯಲ್ಲಿ ಬೆಳೆದುನಿಂತ ಅಂಜೂರದ ಗಿಡ. ಆ ಮನೆಗಳವರು ಎಲ್ಲಿಗೆ ಹೋದರೆಂದು ಕೋಣೆ ಕೊಟ್ಟ ಅಜ್ಜಿಯನ್ನು ಅವರ ಮೊಮ್ಮಗನ ಮೂಲಕ ಕೇಳಿದೆ. “ಕೆಲವರು ಅಮೆರಿಕಕ್ಕೆ ಹೋದರು ಮಗು, ಕೆಲವರು ಸಮುದ್ರಕ್ಕೆ ಹೋದರು” ಎಂದರು.

ಈ ಮನೆಗಳನ್ನು ಕಟ್ಟಿಸಿದ್ದು ಸ್ಪಂಜಿನ ದುಡ್ಡು ಮತ್ತು ಹಡಗು ಕಟ್ಟುವ ಕಸುಬು. ಹಿಂದೆ ಸ್ಪಂಜು ತೆಗೆಯುವವರು ಚಪ್ಪಟೆ ಕಲ್ಲೊಂದನ್ನು ಹಿಡಿದು, ಒಂದೇ ಉಸಿರಿನಲ್ಲಿ ಮುಳುಗಿ ಮೇಲೆ ಬರುತ್ತಿದ್ದರು. 1860ರ ದಶಕದಲ್ಲಿ ಲೋಹದ ಶಿರಸ್ತ್ರಾಣದ ಮುಳುಗುಡುಪು ಬಂತು. ಹೆಚ್ಚು ಆಳ, ಹೆಚ್ಚು ಹೊತ್ತು, ಹೆಚ್ಚು ಸ್ಪಂಜು. ಆದರೆ ಆಳದಿಂದ ಥಟ್ಟನೆ ಮೇಲೆ ಬಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಮನುಷ್ಯನನ್ನು ಕೊಲ್ಲುತ್ತದೆ, ಇಲ್ಲವೆ ಹೆಳವನನ್ನಾಗಿ ಮಾಡುತ್ತದೆ. ಪಾಲ್ ಬರ್ ಎಂಬ ಫ್ರೆಂಚ್ ವಿಜ್ಞಾನಿ 1878ರಲ್ಲಿಯೇ ಇದರ ಕಾರಣವನ್ನು ಬರೆದಿಟ್ಟಿದ್ದ. ಆ ತಿಳಿವಳಿಕೆ ದೋಣಿಗಳನ್ನು ಮುಟ್ಟುವುದಕ್ಕೆ ಮೊದಲು ಎಷ್ಟೋ ಹೆಂಗಸರು ವಿಧವೆಯರಾದರು.

ಇನ್ನೊಂದು ಸಂಗತಿ. 1900ರಲ್ಲಿ ಸೀಮಿಯ ಸ್ಪಂಜಿನ ದೋಣಿಯೊಂದು ಬಿರುಗಾಳಿಗೆ ಹೆದರಿ ಆಂಟಿಕಿಥೆರಾ ಎಂಬ ದ್ವೀಪದ ಮರೆಯಲ್ಲಿ ತಂಗಿತು. ಅಲ್ಲಿ ಮುಳುಗಿದವನಿಗೆ ಪ್ರಾಚೀನ ಹಡಗೊಂದರ ಅವಶೇಷ ಸಿಕ್ಕಿತು. ಗ್ರಹಗತಿ ಲೆಕ್ಕಹಾಕುವ ಎರಡು ಸಾವಿರ ವರ್ಷದ ಹಲ್ಲುಚಕ್ರಗಳ ಯಂತ್ರ ದೊರೆತದ್ದು ಅದರಲ್ಲಿಯೇ. ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿ ಜನ ಅದರ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಆ ಸಂಪತ್ತನ್ನು ಮೇಲೆತ್ತುವ ಕೆಲಸದಲ್ಲಿ ಒಬ್ಬ ಸತ್ತ, ಇಬ್ಬರು ಕೈಕಾಲಿನ ಸ್ವಾಧೀನ ಕಳೆದುಕೊಂಡರು ಎಂಬುದು ಎಷ್ಟು ಜನಕ್ಕೆ ಗೊತ್ತು?

ಕಾಲ ಸೀಮಿಯಲ್ಲಿ ಎಂದೂ ನಿಂತಿಲ್ಲ. 1912ರಲ್ಲಿ ಇಟಲಿಯವರು ಬಂದರು. ಎರಡನೆಯ ಮಹಾಯುದ್ಧದಲ್ಲಿ ಖೋರಿಯೋದ ಮನೆಗಳು ಉರುಳಿದವು. 1945ರ ಮೇ 8ರಂದು ಸುತ್ತಲ ದ್ವೀಪಗಳ ಜರ್ಮನ್ ಸೇನೆ ಶರಣಾಗತಿಗೆ ಸಹಿ ಹಾಕಿದ್ದು ಇಲ್ಲಿಯೇ. 1948ರಲ್ಲಿ ಊರು ಗ್ರೀಸಿಗೆ ಸೇರಿತು. ಅಷ್ಟರಲ್ಲಿ ಅನೇಕರು ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸಿನಂಥ ಕಡೆಗಳಿಗೆ ಸ್ಪಂಜನ್ನೇ ಅರಸಿ ಹೋಗಿಯಾಗಿತ್ತು. ಇತ್ತ ಕಾರ್ಖಾನೆಯ ಕೃತಕ ಸ್ಪಂಜು ಮಾರುಕಟ್ಟೆಯನ್ನು ಕಸಿದುಕೊಂಡಿತು; 1980ರ ದಶಕದಲ್ಲಿ ಸಮುದ್ರದ ಸ್ಪಂಜಿಗೇ ರೋಗ ತಗುಲಿತು. ಒಂದು ಕಾಲಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿದ್ದ ಜನಸಂಖ್ಯೆ ಇಂದು ಮೂರು ಸಾವಿರವನ್ನೂ ಮುಟ್ಟುವುದಿಲ್ಲ. ನಾವು ಮೆಚ್ಚಿ ಬರೆಯುವ ಆ ನಿಶ್ಶಬ್ದ, ಜನ ಊರು ಬಿಟ್ಟುಹೋದ ನಿಶ್ಶಬ್ದ.

“ನಾಲ್ಕು ದಿನ ವಿಶ್ರಾಂತಿಗೆಂದು ಬಂದವನಿಗೆ ಈ ಚರಿತ್ರೆಯ ಪಾಠವೇಕೆ?” ಎಂದು ಯಾರಾದರೂ ಕೇಳಬಹುದು. ವಿಶ್ರಾಂತಿ ಬೇಡವೆಂದು ನಾನು ಹೇಳುವುದಿಲ್ಲ. ಪ್ರವಾಸಿ ಬೇಡವೆಂದೂ ಹೇಳುವುದಿಲ್ಲ. ಇಂದು ಸೀಮಿಯ ಒಲೆ ಉರಿಯುವುದು ಬಹುಮಟ್ಟಿಗೆ ಅವನ ಹಣದಿಂದ. ನನ್ನ ತಕರಾರು ಆ ಹೊಗಳಿಕೆಯ ಮೇಲೆ. ಊರು ಹೀಗೆಯೇ ಇರುವುದು ಚೆಂದವೆಂದು ನಂಬಿದವನಿಗೆ ಅಲ್ಲಿನ ಹೊಸ ನೀರಿನ ಕೊಳವೆ, ವಿದ್ಯುತ್ ತಂತಿ, ಮಕ್ಕಳ ಹೊಸ ಬಯಕೆ ಎಲ್ಲವೂ ಚಿತ್ರ ಕೆಡಿಸುವ ಕಲೆಗಳಾಗಿ ಕಾಣುತ್ತವೆ. ಊಟೆಯಿಲ್ಲದ ಆ ನೆಲದಲ್ಲಿ ಮಳೆನೀರನ್ನು ಅಂಗಳದಡಿಯ ತೊಟ್ಟಿಯಲ್ಲಿ ಹಿಡಿದಿಟ್ಟು, ಹಡಗಿನಲ್ಲಿ ನೀರು ತರಿಸಿ ಬಾಳಿದವರು ಅವರು. ದೊಡ್ಡ ಕಾಯಿಲೆ ಬಂದರೆ ಇಂದಿಗೂ ಸಮುದ್ರ ದಾಟಿ ರೋಡ್ಸಿಗೆ ಹೋಗಬೇಕು. ಗಾಳಿ ಎದ್ದ ದಿನ ಅದೂ ಕಷ್ಟ. ಈ ಕಷ್ಟಕ್ಕೆ ‘ಸರಳ ಜೀವನ’ ಎಂದು ಹೆಸರಿಡಲು ನಮಗೆ ಅಧಿಕಾರ ಕೊಟ್ಟವರು ಯಾರು?

ಆದ್ದರಿಂದ ದ್ವೀಪಗಳಿಗೆ ಹೋಗುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಹೋಗಿ, ಈಜಿ, ಮೀನು ತಿನ್ನಿ. ಆದರೆ ಬರೆಯಲು ಕೂರುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ. ಮುಚ್ಚಿದ ಬಾಗಿಲು ಕಂಡರೆ, ಅದು ಯಾರ ಮನೆ, ಅವರೆಲ್ಲಿ ಎಂದು ವಿಚಾರಿಸಿ. ಉತ್ತರ ಕೇಳಿದ ಮೇಲೆ ಕಾಲ ನಿಂತಿದೆಯೆಂದು ಬರೆಯಲು ನಿಮ್ಮ ಲೇಖನಿ ಒಪ್ಪುವುದಾದರೆ, ಧಾರಾಳವಾಗಿ ಬರೆಯಿರಿ.