ಸಫಾರಿ ಬುಕ್ ಮಾಡುವ ಮುನ್ನ ಕಾಡಂಚಿನ ಹೊಲ ನೋಡಿ

ಪ್ರತಿ ಡಿಸೆಂಬರ್‌ನಲ್ಲೂ ಬೆಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಚರ್ಚೆ: ಕ್ರಿಸ್‌ಮಸ್ ರಜೆಗೆ ಕಬಿನಿಯೋ, ಬಂಡೀಪುರವೋ? 2025ರ ಡಿಸೆಂಬರ್‌ನಲ್ಲಿ ಪ್ರಶ್ನೆ ಬದಲಾಗಿತ್ತು. "ಸಫಾರಿ ಯಾವಾಗ ಓಪನ್ ಆಗುತ್ತೆ?" ಅಂತ ನನ್ನನ್ನು ಕೇಳಿದವರು ಬಹಳ ಜನ. "ಯಾಕೆ ಮುಚ್ಚಿದ್ರು?" ಅಂತ ಕೇಳಿದವರು ಬೆರಳೆಣಿಕೆಯಷ್ಟು.

ಯಾಕೆಂದರೆ, ಮೈಸೂರು ಜಿಲ್ಲೆಯ ಸರಗೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ರೈತರು ಹುಲಿ ದಾಳಿಗೆ ಬಲಿಯಾದರು. ಜನರ ಸಿಟ್ಟು ಕಟ್ಟೆಯೊಡೆದ ಮೇಲೆ, 2025ರ ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ಹಚ್ಚಲು ಸೂಚಿಸಿದರು. ಆ ವರ್ಷದ ಡಿಸೆಂಬರ್ ಬಂದರೂ ಗೇಟು ತೆರೆದಿರಲಿಲ್ಲ.

ಈಗ ಎರಡು ವಾದಗಳು ಎದುರುಬದುರು ನಿಂತಿವೆ. ಸಫಾರಿ ಜೀಪುಗಳ ಓಡಾಟ, ರೆಸಾರ್ಟ್‌ಗಳ ಗದ್ದಲದಿಂದಲೇ ಪ್ರಾಣಿಗಳು ಕಾಡು ಬಿಟ್ಟು ಹೊಲಕ್ಕೆ ಬರುತ್ತಿವೆ, ಹಾಗಾಗಿ ಸಫಾರಿಯನ್ನು ಶಾಶ್ವತವಾಗಿ ನಿಲ್ಲಿಸಿ ಅನ್ನುವುದು ರೈತರ ವಾದ. ಸಫಾರಿಗೂ ಹುಲಿ ದಾಳಿಗೂ ಸಂಬಂಧವೇ ಇಲ್ಲ, ಚಾಲಕರು, ಗೈಡುಗಳು, ಅಡುಗೆಯವರ ಹೊಟ್ಟೆಪಾಡು ನೋಡಿ ಅನ್ನುವುದು ಪ್ರವಾಸೋದ್ಯಮದ ವಾದ. ನನ್ನ ಪ್ರಕಾರ ಎರಡೂ ಅರ್ಧ ಸತ್ಯ.

ಮೊದಲನೆಯದನ್ನು ನೋಡೋಣ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಪ್ರಕಾರ ಹುಲಿಯ ಮುಖ್ಯ ಆವಾಸಸ್ಥಾನದ ಶೇ 20ಕ್ಕಿಂತ ಹೆಚ್ಚು ಭಾಗದಲ್ಲಿ ಪ್ರವಾಸೋದ್ಯಮ ನಡೆಸುವಂತಿಲ್ಲ. ಅಂದರೆ ಕಾಡಿನ ಬಹುಭಾಗಕ್ಕೆ ಜೀಪು ಹೋಗುವುದೇ ಇಲ್ಲ. ಹುಲಿ ಹೊರಬರುವುದಕ್ಕೆ ಬೇರೆ ಕಾರಣಗಳಿವೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. ಬಂಡೀಪುರವೊಂದರಲ್ಲೇ 150, ನಾಗರಹೊಳೆಯಲ್ಲಿ 141. ಪ್ರಾಯಕ್ಕೆ ಬಂದ ಗಂಡು ಹುಲಿ ತನ್ನದೇ ಸರಹದ್ದು ಹುಡುಕಿಕೊಂಡು ಹೊರಡುತ್ತೆ. ವಯಸ್ಸಾದ, ಗಾಯಗೊಂಡ ಹುಲಿಯನ್ನು ಬಲಶಾಲಿ ಹುಲಿ ಅಂಚಿಗೆ ತಳ್ಳುತ್ತೆ. ಅಂಚಿನಲ್ಲಿ ದನ ಸಿಗುತ್ತೆ, ಅಡಗಲು ಹತ್ತಿ, ಕಬ್ಬು, ಬಾಳೆ ಸಿಗುತ್ತೆ. ಕಾಡಿನೊಳಗೆ ಲಂಟಾನ ಹಬ್ಬಿ ಜಿಂಕೆ, ಕಾಟಿಗಳು ಮೇಯುವ ಹುಲ್ಲೇ ಕಡಿಮೆಯಾಗಿದೆ. ನಾಳೆ ಸಫಾರಿ ಶಾಶ್ವತವಾಗಿ ನಿಂತರೂ ಇದ್ಯಾವುದೂ ಬದಲಾಗಲ್ಲ.

ಹಾಗಂತ ಸಫಾರಿಗೂ ಹಳ್ಳಿಗೂ ಸಂಬಂಧ ಇಲ್ಲ ಅನ್ನೋದು ಸುಳ್ಳು. ಸಂಬಂಧ ಏನು ಅಂತ ಸರ್ಕಾರದ ಆದೇಶವೇ ಬಾಯಿಬಿಟ್ಟು ಹೇಳಿದೆ. ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹಿಡಿಯಲು ಕಳಿಸಿ ಅಂದರೆ ಏನರ್ಥ? ಪ್ರವಾಸಿಗರನ್ನು ಸುತ್ತಾಡಿಸುವುದು ಮತ್ತು ಜನರನ್ನು ಕಾಯುವುದು, ಎರಡನ್ನೂ ಒಟ್ಟಿಗೆ ಮಾಡುವಷ್ಟು ಕೈಗಳು ಇಲಾಖೆಯಲ್ಲಿಲ್ಲ ಎಂದರ್ಥ. ಇಷ್ಟು ವರ್ಷ ಆ ಕೈಗಳು ಯಾವ ಕಡೆ ಹೆಚ್ಚು ಇದ್ದವು ಎಂಬ ಹಳ್ಳಿಯವರ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ನ್ಯಾಯ. ಹೆಜ್ಜೆ ಗುರುತು ನೋಡಿ ಹುಲಿಯ ಜಾಡು ಹೇಳಬಲ್ಲ ವಾಚರ್‌ಗಳಲ್ಲಿ ಅನೇಕರು ಹಾಡಿಗಳ ಜೇನುಕುರುಬರು. ಅವರಲ್ಲಿ ಹಲವರದ್ದು ಇವತ್ತಿಗೂ ಗುತ್ತಿಗೆ ಕೆಲಸ.

ಇನ್ನೊಂದು ವಿಷಯ ನಗರದವರಿಗೆ ತಟ್ಟುವುದೇ ಇಲ್ಲ. ನಮಗೆ ಚಳಿಗಾಲ ಅಂದರೆ ಸಫಾರಿ ಸೀಸನ್, ಅವರಿಗೆ ಸುಗ್ಗಿ ಸೀಸನ್. ರಾಗಿ, ಹುರುಳಿ, ಅವರೆ ಕೈಗೆ ಬರುವ ಹೊತ್ತು. ಆನೆ, ಹಂದಿಯಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿಯಿಡೀ ಅಟ್ಟಣೆ ಮೇಲೆ ಕೂತ ರೈತ, ಮಂಜು ಕವಿದ ಮುಂಜಾನೆ ಕೆಳಗಿಳಿದು ಮನೆ ಕಡೆ ನಡೆಯುತ್ತಾನೆ. ಅದೇ ಹೊತ್ತಿಗೆ, ಕಂಬಳಿ ಹೊದ್ದ ಪ್ರವಾಸಿಗರ ಜೀಪು ಕಾಡೊಳಗೆ ಹೋಗುತ್ತೆ. ಇಬ್ಬರ ಕಣ್ಣೂ ಹುಲಿಯನ್ನೇ ಹುಡುಕುತ್ತಿರುತ್ತೆ. ಒಬ್ಬರಿಗೆ ಕಂಡರೆ ಅದೃಷ್ಟ, ಇನ್ನೊಬ್ಬರಿಗೆ ಕಾಣದಿದ್ದರೆ ಅದೃಷ್ಟ. ಗುಂಡ್ಲುಪೇಟೆ, ಸರಗೂರು ಕಡೆ ಕಾಡಿನ ಕಂದಕ ದಾಟಿದರೆ ನೇರ ಹೊಲವೇ. ರೈಲು ಹಳಿಯ ಬೇಲಿ ಆನೆಯನ್ನು ತಡೆದೀತು, ಹುಲಿಯನ್ನು ತಡೆಯಲ್ಲ.

ಹುಲಿಯಿಂದ ಬರುವ ಅಪಾಯ ಪೂರ್ತಿ ಹಳ್ಳಿಗೆ. ಹುಲಿಯಿಂದ ಬರುವ ಹಣ? ಅದೇ 2012ರ ಮಾರ್ಗಸೂಚಿಯಲ್ಲಿ ಇದಕ್ಕೂ ದಾರಿ ಇದೆ. ಪ್ರವೇಶ ಶುಲ್ಕ ರಾಜ್ಯದ ಖಜಾನೆಗೆ ಸೇರದೆ ಆಯಾ ಹುಲಿ ಸಂರಕ್ಷಣಾ ಪ್ರತಿಷ್ಠಾನಕ್ಕೆ ಹೋಗಬೇಕು; ರೆಸಾರ್ಟ್ ಉದ್ಯಮದಿಂದ ಸಂರಕ್ಷಣಾ ಶುಲ್ಕ ವಸೂಲು ಮಾಡಿ ಸ್ಥಳೀಯರ ಏಳಿಗೆಗೆ ಬಳಸಬಹುದು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಎಷ್ಟು ಬಂತು, ಯಾವ ಊರಿಗೆ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕ ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಇರಬೇಕಲ್ವಾ? ಲೆಕ್ಕ ಕಾಣದ ಕಡೆ ಸಿಟ್ಟು ಬೆಳೆಯುತ್ತೆ.

ಆ ಸಿಟ್ಟು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲೇ 2025ರಲ್ಲಿ ಎರಡು ಉದಾಹರಣೆ ಸಿಕ್ಕಿದವು. ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೇ ವಿಷ ಹಾಕಲಾಗಿತ್ತು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಜನ, ಹುಲಿ ಹಿಡಿಯಲು ತಂದಿದ್ದ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿ ಬಾಗಿಲು ಹಾಕಿದರು. ಎರಡನ್ನೂ ಯಾರೂ ಸಮರ್ಥಿಸಬೇಕಿಲ್ಲ. ಆದರೆ ಕಾಡಂಚಿನ ಜನ ಹುಲಿಯ ವಿರುದ್ಧ ತಿರುಗಿಬಿದ್ದರೆ ಯಾವ ಕಾನೂನೂ ಹುಲಿಯನ್ನು ಉಳಿಸಲ್ಲ ಅನ್ನುವುದನ್ನು ಅರ್ಥ ಮಾಡಿಕೊಳ್ಳಬೇಕು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಈ ಐದು ದಶಕ ಹುಲಿ ಉಳಿದಿದ್ದರಲ್ಲಿ ದನ ಕಳಕೊಂಡೂ ಸುಮ್ಮನಿದ್ದ ಹಳ್ಳಿಗಳ ಸಹನೆಯ ಪಾಲು ದೊಡ್ಡದು.

ಹಾಗಾದರೆ ಗೇಟು ತೆರೆಯಬೇಕಾ, ಬೇಡವಾ? ತೆರೆಯಲಿ. ಆದರೆ ನವೆಂಬರ್ 6ರಂದು ಇದ್ದ ಹಾಗೇ ಅಲ್ಲ. ಒಂದು, ಸಂಘರ್ಷ ನಿಭಾಯಿಸುವ ತಂಡ ಪ್ರತ್ಯೇಕವಾಗಿರಬೇಕು, ಸಫಾರಿ ಸೀಸನ್ ಬಂತು ಅಂತ ಅದರ ಜನ, ವಾಹನ ಆ ಕಡೆ ಹೋಗಕೂಡದು. ಎರಡು, ಸುಗ್ಗಿಯ ತಿಂಗಳುಗಳಲ್ಲಿ ಸಫಾರಿ ವಾಹನಗಳ ಸಂಖ್ಯೆ ಇಳಿಸಿ ಅಂಚಿನ ಗಸ್ತು ಹೆಚ್ಚಿಸಬೇಕು. ಮೂರು, ಹಣದ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು.

ಸುಪ್ರೀಂ ಕೋರ್ಟ್ ಕೂಡ ಕಾರ್ಬೆಟ್ ಪ್ರಕರಣದ ನವೆಂಬರ್ 17ರ ತೀರ್ಪಿನಲ್ಲಿ ಪ್ರವಾಸೋದ್ಯಮಕ್ಕೆ ಲಗಾಮು ಹಾಕಿದೆ: ರಾತ್ರಿ ಪ್ರವಾಸೋದ್ಯಮ ನಿಷೇಧ, ಮುಖ್ಯ ಆವಾಸಸ್ಥಾನದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ನಿಷೇಧ, ವನ್ಯಜೀವಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ. ಇದನ್ನು ಕಡತದಲ್ಲಿಡದೆ ಜಾರಿ ಮಾಡುವುದು ರಾಜ್ಯದ ಕೆಲಸ.

ಇನ್ನು ಪ್ರವಾಸ ಹೊರಡುವವರಿಗೆ ಎರಡು ಮಾತು. ಬಂಡೀಪುರ ಇಲ್ಲದಿದ್ದರೆ ಬಿಆರ್‌ಟಿಯ ಕೆ. ಗುಡಿ, ಭದ್ರಾ, ದಾಂಡೇಲಿ ಇವೆಯಲ್ಲ ಅಂತ ಎಲ್ಲರೂ ಅಲ್ಲಿಗೇ ನುಗ್ಗಿದರೆ ಅದೇ ಒತ್ತಡ ಅಲ್ಲಿಗೆ ವರ್ಗವಾಗುತ್ತೆ, ಅಷ್ಟೆ. ಇನ್ನು ಹುಲಿ ನೋಡಲೇಬೇಕು ಅನ್ನುವವರಿಗೆ ಚಳಿಗಾಲ ಸರಿಯಾದ ಕಾಲವೂ ಅಲ್ಲ. ಮಳೆ ಮುಗಿದು ಪೊದೆ ದಟ್ಟವಾಗಿರುತ್ತೆ, ಕೆರೆಕಟ್ಟೆಗಳಲ್ಲೆಲ್ಲ ನೀರಿರುತ್ತೆ. ಹುಲಿಗೆ ನಿಮ್ಮ ಜೀಪು ನಿಲ್ಲುವ ಕೆರೆಗೇ ಬರುವ ದರ್ದು ಇರಲ್ಲ. ಅದು ಮಾರ್ಚ್‌ನಿಂದ ಮೇವರೆಗಿನ ಮಾತು. ಚಳಿಗಾಲದ ಕಾಡು ಮಂಜಿನದ್ದು, ಹಕ್ಕಿಗಳದ್ದು. ಅಷ್ಟು ಸಾಕು ಅನ್ನಿಸಿದರೆ ಹೋಗಿ, ಹುಲಿ ತೋರಿಸು ಅಂತ ಚಾಲಕನ ಜೀವ ತಿನ್ನಬೇಡಿ.

ರೂಮು ಬುಕ್ ಮಾಡುವಾಗ ರೆಸಾರ್ಟಿನವರನ್ನು ಈಜುಕೊಳ ಇದೆಯಾ ಅಂತ ಕೇಳ್ತೀವಿ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋಣ: ಪಕ್ಕದ ಊರಿನ ಎಷ್ಟು ಜನಕ್ಕೆ ಕಾಯಂ ಕೆಲಸ ಕೊಟ್ಟಿದ್ದೀರಿ? ಸಂರಕ್ಷಣಾ ಶುಲ್ಕ ಅಂತ ಏನು ಕಟ್ಟುತ್ತೀರಿ? ಉತ್ತರ ಬರದಿದ್ದರೆ ಬೇರೆ ಕಡೆ ಹೋಗಿ. ಗಿರಾಕಿಗಳು ಕೇಳಲು ಶುರು ಮಾಡಿದ ದಿನ ಉತ್ತರವೂ ಸಿದ್ಧವಾಗುತ್ತೆ.