ಎರಡು ಎಂ.ಎಲ್. ಔಷಧಿಯ ಲೆಕ್ಕ

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಕಲ್ಯಾಣಕ್ಕೆ ಬರುವ ಹೊತ್ತಿಗೆ ಇನ್ನೂ ಕತ್ತಲಿರುತ್ತದೆ. ಇಂಡಿ, ಅಫಜಲಪುರ, ಅಕ್ಕಲಕೋಟ ಕಡೆಯ ಜನ ಅದರಿಂದ ಇಳಿಯುತ್ತಾರೆ. ಕೈಯಲ್ಲಿ ಎಕ್ಸ್‌ರೇ, ಸ್ಕ್ಯಾನಿನ ಹಾಳೆ ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲವಿದ್ದರೆ ಎಲ್ಲಿಗೆ ಹೊರಟವರೆಂದು ಕೇಳುವುದೇ ಬೇಡ, ಪರೇಲ್ ಇಲ್ಲವೆ ಖಾರಘರಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ. ಎರಡು ವರ್ಷದ ಹಿಂದೆ ನಮ್ಮ ಕಾಕಾ ಅದೇ ಗಾಡಿಯಿಂದ ಇಳಿದರು. ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ನಲವತ್ತು ವರ್ಷ ತಂಬಾಕು, ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಂಡ ಬಾಯಿ ಅದು. ಆಪರೇಷನ್ ಆಗಿ, ಕರೆಂಟ್ (ರೇಡಿಯೇಷನ್) ಕೊಟ್ಟು, ಒಂದು ವರ್ಷ ಸುಮ್ಮನಿದ್ದ ಗಡ್ಡೆ ಮತ್ತೆ ತಲೆ ಎತ್ತಿತ್ತು.

ಡಾಕ್ಟರು ಕಾಗದದ ಮೇಲೆ ಎರಡು ದಾರಿ ಬರೆದು ತೋರಿಸಿದರು. ಒಂದು, ಪೂರ್ತಿ ಡೋಸಿನ ಇಮ್ಯುನೋಥೆರಪಿ. ಅದರ ಲೆಕ್ಕ ಕೇಳಿ ಕಾಕಾನ ಮಗ ಮಾತಾಡಲಿಲ್ಲ, ಹೊಲದ ಉತಾರ ಎಲ್ಲಿಟ್ಟಿದ್ದೇವೆ ಎಂದು ಮಾತ್ರ ನನ್ನನ್ನು ಕೇಳಿದ. ಇನ್ನೊಂದು, ಅದೇ ಔಷಧಿಯ ಸಣ್ಣ ಡೋಸು, ಜೊತೆಗೆ ಮೂರು ಬಗೆಯ ಮಾತ್ರೆ. ನಿವೊಲುಮ್ಯಾಬ್ ಎಂಬ ಆ ಔಷಧಿಯ ಚಿಕ್ಕ ವಯಲ್ ಬರುವುದು 40 ಮಿಲಿಗ್ರಾಂನದು, ಕಾಕಾನಿಗೆ ಬೇಕಾದದ್ದು 20. ತೆರೆದ ವಯಲನ್ನು ಮುಂದಿನ ಸಲಕ್ಕೆಂದು ಎತ್ತಿಡುವ ಹಾಗಿಲ್ಲ. ಅದೇ ದಿನ ಅದೇ ಔಷಧಿ ತೆಗೆದುಕೊಳ್ಳುವ ಇನ್ನೊಬ್ಬರು ಸಿಕ್ಕರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂದರು.

ಸಿಕ್ಕರು. ಭಿವಂಡಿಯಲ್ಲಿ ಪವರ್‌ಲೂಮ್ ನಡೆಸುವವರು, ತೆಲುಗು ಮಾತಿನವರು, ಕಾಕಾನಿಗಿಂತ ಹತ್ತು ವರ್ಷ ಚಿಕ್ಕವರು. ಮೂರು ವಾರಕ್ಕೊಮ್ಮೆ ಮಂಗಳವಾರ ನಾನು ಐಸ್ ಪ್ಯಾಕ್ ಇಟ್ಟ ಥರ್ಮೊಕೋಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಡೊಂಬಿವ್ಲಿಯಿಂದ ಲೋಕಲ್ ಹಿಡಿಯುತ್ತಿದ್ದೆ. ನರ್ಸ್ ನಮ್ಮಿಬ್ಬರ ಕಡೆಯವರನ್ನೂ ಎದುರಿಗೆ ನಿಲ್ಲಿಸಿಕೊಂಡು ಸಿರಿಂಜಿನಲ್ಲಿ ಎರಡು ಎಂ.ಎಲ್. ಎಳೆದು, ಬೆಳಕಿಗೆ ಹಿಡಿದು ಗೆರೆ ತೋರಿಸುತ್ತಿದ್ದರು. ಆಮೇಲೆ ಇನ್ನೊಂದು ಸಿರಿಂಜಿನಲ್ಲಿ ಉಳಿದ ಎರಡು ಎಂ.ಎಲ್. ಮೊದಲ ಸಲ ಅದನ್ನು ನೋಡಿದ ಕಾಕಾ, ‘ಇಷ್ಟ ನೀರಿನ್ಯಾಗ ಏನ್ ಆಗತೈತೋ ತಮ್ಮಾ? ಬಡವರಿಗಂತ ಕಡಿಮಿ ಹಾಕ್ಯಾರೇನ?’ ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಹುಡುಕುತ್ತ ಹೋದೆ. ಸಿಕ್ಕ ಉತ್ತರವನ್ನು ಈ ವಾರ ಬರೆಯುತ್ತಿದ್ದೇನೆ, ಏಕೆಂದರೆ ಕಾಕಾನ ಅನುಮಾನ ನಮ್ಮ ಕಡೆಯ ಎಷ್ಟೋ ಮನೆಗಳ ಅನುಮಾನ.

ನಮ್ಮ ಮೈಯ ಪ್ರತಿ ಜೀವಕೋಶವೂ ಹೊರಗಿನ ಸುದ್ದಿಯನ್ನು ಹೆಚ್ಚಾಗಿ ತನ್ನ ಪೊರೆಯ ಮೇಲಿನ ರಿಸೆಪ್ಟರ್‌ಗಳ ಮೂಲಕ ತಿಳಿಯುತ್ತದೆ. ಪಠ್ಯಪುಸ್ತಕಗಳು ಗ್ರಾಹಕ ಎನ್ನುತ್ತವೆ. ಹೊರಗಿನ ತುದಿಗೆ ತಕ್ಕ ಅಣು ಬಂದು ಕೂತರೆ ಒಳಗಿನ ತುದಿ ಪಕ್ಕದ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ, ಅದು ಮತ್ತೊಂದಕ್ಕೆ. ಕೈಯಿಂದ ಕೈಗೆ ದಾಟಿದ ಸುದ್ದಿ ಕೊನೆಗೆ ಕೋಶದ ನಡುವಿನ ಬೀಜಕ್ಕೆ ತಲುಪುತ್ತದೆ. ಬೆಳೆ, ನಿಲ್ಲು, ಸಾಯಿ ಎಂಬ ಆಜ್ಞೆಗಳು ಹೆಚ್ಚಾಗಿ ಓಡಾಡುವುದು ಹೀಗೆ. ಇಂಗ್ಲೆಂಡಿನ ಜಾನ್ ಲ್ಯಾಂಗ್ಲಿ 1905ರಲ್ಲೇ ಕೋಶದಲ್ಲಿ ಇಂಥದೊಂದು ಇರಬೇಕೆಂದು ಊಹಿಸಿದ್ದರು. ಆ ಊಹೆಯಿಂದ ಹೊರಟ ದಾರಿಯಲ್ಲೇ ಬಿಪಿಯ ಮಾತ್ರೆ, ದಮ್ಮಿನ ಪಂಪು, ಸ್ತನ ಕ್ಯಾನ್ಸರಿನ ಟ್ಯಾಮೊಕ್ಸಿಫೆನ್ ಬಂದವು.

1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಾಸುಕು ಹೊಂಜೊ ಅವರ ಲ್ಯಾಬಿನಲ್ಲಿ ಪಿಡಿ-1 ಎಂಬ ಒಂದು ರಿಸೆಪ್ಟರ್ ಸಿಕ್ಕಿತು. ಅದರ ಕೆಲಸವೇನೆಂದು ಆಗ ಅವರಿಗೂ ಗೊತ್ತಿರಲಿಲ್ಲ. ಕೋಶ ಸಾಯುವುದಕ್ಕೂ ಇದಕ್ಕೂ ನಂಟಿರಬಹುದೆಂದು ಆ ಹೆಸರಿಟ್ಟರು. ಏಳು ವರ್ಷವಾದ ಮೇಲೆ, ಪಿಡಿ-1 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ ಆ ಇಲಿಗಳ ರೋಗನಿರೋಧಕ ಕೋಶಗಳು ಸ್ವಂತ ಮೈಯನ್ನೇ ತಿನ್ನತೊಡಗಿದ್ದು ಕಂಡಿತು. ಅಂದರೆ ಇದು ಬ್ರೇಕು. ರೋಗದ ಮೇಲೆ ಎರಗುವ ಟಿ ಕೋಶಗಳು ಎಗ್ಗಿಲ್ಲದೆ ನುಗ್ಗದಂತೆ ದೇಹ ತಾನೇ ಇಟ್ಟುಕೊಂಡ ಬ್ರೇಕು. ಕ್ಯಾನ್ಸರ್ ಕೋಶಗಳು ಇದನ್ನೇ ಒತ್ತುತ್ತವೆ. ತಮ್ಮ ಮೇಲೊಂದು ಪ್ರೋಟೀನ್ ಹೊತ್ತು ಟಿ ಕೋಶದ ಪಿಡಿ-1ಕ್ಕೆ ತಗುಲಿಸಿ ಅದನ್ನು ತಣ್ಣಗೆ ಕೂರಿಸುತ್ತವೆ. ನಿವೊಲುಮ್ಯಾಬ್ ಆ ಪಿಡಿ-1ರ ಮೇಲೆ ಮೊದಲೇ ಹೋಗಿ ಕೂತುಬಿಡುತ್ತದೆ. ಕ್ಯಾನ್ಸರಿಗೆ ಒತ್ತಲು ಬ್ರೇಕು ಸಿಗುವುದಿಲ್ಲ. 2018ರಲ್ಲಿ ಹೊಂಜೊ ಅವರಿಗೆ ಜೇಮ್ಸ್ ಆ್ಯಲಿಸನ್ ಜೊತೆ ನೊಬೆಲ್ ಬಂತು.

ಇಲ್ಲಿಂದ ಮುಂದೆ ಕಾಕಾನ ಪ್ರಶ್ನೆ. ಹಳೆಯ ಕೀಮೋ ಔಷಧಿಗಳು ವಿಷ. ಬೆಳೆಯುವ ಕೋಶವನ್ನೆಲ್ಲ ಕೊಲ್ಲುತ್ತವೆ, ಹೆಚ್ಚು ಹಾಕಿದಷ್ಟೂ ಹೆಚ್ಚು ಕೊಲ್ಲುತ್ತವೆ. ಆದ್ದರಿಂದ ರೋಗಿ ತಾಳಿಕೊಳ್ಳುವ ಕೊನೆಯ ಮಿತಿಯವರೆಗೆ ಡೋಸ್ ಏರಿಸುವುದು ರೂಢಿಯಾಯಿತು. ರಿಸೆಪ್ಟರ್ ಮೇಲೆ ಕೂರುವ ಔಷಧಿಯ ಲೆಕ್ಕ ಬೇರೆ. ಕೂರಲು ಜಾಗ ಇರುವುದೇ ಇಷ್ಟು. ಜಾಗ ತುಂಬಿದ ಮೇಲೆ ಬಂದದ್ದು ರಕ್ತದಲ್ಲಿ ಸುಮ್ಮನೆ ಸುತ್ತುತ್ತದೆ, ಬಿಲ್ಲಿನಲ್ಲಿ ಮಾತ್ರ ಕಾಣಿಸುತ್ತದೆ. 2010ರಲ್ಲಿ ಅಮೆರಿಕದ ಜೂಲಿ ಬ್ರಾಮರ್ ಮತ್ತು ಸಂಗಡಿಗರು 39 ರೋಗಿಗಳ ಮೇಲೆ ನಡೆಸಿದ ಮೊದಲ ಹಂತದ ಪರೀಕ್ಷೆಯ ವರದಿ ಪ್ರಕಟವಾಯಿತು. ಕೆಜಿ ತೂಕಕ್ಕೆ 0.3 ಮಿಲಿಗ್ರಾಂನಿಂದ 10 ಮಿಲಿಗ್ರಾಂ ತನಕ ಕೊಟ್ಟಿದ್ದರು. ಯಾವ ಡೋಸೇ ಇರಲಿ, ರಕ್ತದ ಟಿ ಕೋಶಗಳ ಮೇಲಿನ ಪಿಡಿ-1ರಲ್ಲಿ ಸರಾಸರಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಎರಡು ತಿಂಗಳ ಮೇಲೂ ತುಂಬಿಯೇ ಇತ್ತು.

ಅರವತ್ತು ಕೆಜಿಯ ಮನುಷ್ಯನಿಗೆ 0.3ರ ಲೆಕ್ಕ ಹಾಕಿ ನೋಡಿ. ಹದಿನೆಂಟು ಮಿಲಿಗ್ರಾಂ. ಕಾಕಾನ ಸಿರಿಂಜಿನಲ್ಲಿದ್ದದ್ದು ಇಪ್ಪತ್ತು.

ಈ ಅಂಕಿ ಹತ್ತು ವರ್ಷ ಎಲ್ಲರ ಕಣ್ಣೆದುರೇ ಇತ್ತು. ಆದರೂ ಔಷಧಿ ಮಾರುಕಟ್ಟೆಗೆ ಬಂದಾಗ ನಿಗದಿಯಾದ ಡೋಸ್ ಎರಡು ವಾರಕ್ಕೆ ಕೆಜಿಗೆ 3 ಮಿಲಿಗ್ರಾಂ, ಆಮೇಲೆ ಎಲ್ಲರಿಗೂ ಒಂದೇ 240 ಮಿಲಿಗ್ರಾಂ. ಔಷಧಿ ಕಂಪನಿಯೊಂದು ತನ್ನ ಸರಕು ಹತ್ತರಲ್ಲಿ ಒಂದು ಪಾಲು ಸಾಕೇ ಎಂದು ತಾನೇ ದುಡ್ಡು ಹಾಕಿ ಪರೀಕ್ಷಿಸಲಿ ಎಂದು ಕಾಯುತ್ತ ಕೂರಲಾಗದು. ಅದನ್ನು ಕೇಳಬೇಕಾದವರು ಬೇರೆ. ಕೇಳಿದವರು ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ವಿಜಯ್ ಪಾಟೀಲ್, ಡಾ. ವನಿತಾ ನರೋನ್ಹಾ, ಡಾ. ಕುಮಾರ್ ಪ್ರಭಾಶ್ ಮತ್ತು ಅವರ ತಂಡ. ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಮರುಕಳಿಸಿದ, ಇಲ್ಲವೆ ಹರಡಿದ 151 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಇನ್ನೊಂದಕ್ಕೆ ಅದೇ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ 16.3 ಮಂದಿ ಬದುಕಿದ್ದರು, ಎರಡನೆಯದರಲ್ಲಿ 43.4.

ಆ ಮಾತ್ರೆಗಳಲ್ಲೂ ಎರ್ಲೊಟಿನಿಬ್ ಎಂಬುದು ಇಜಿಎಫ್ಆರ್ ಎಂಬ ಇನ್ನೊಂದು ರಿಸೆಪ್ಟರಿನ ಒಳತುದಿಯನ್ನು ಹಿಡಿದು, ಬೆಳೆ ಎಂಬ ಸುದ್ದಿ ಮುಂದೆ ದಾಟದಂತೆ ತಡೆಯುವ ಗುಳಿಗೆ. ಬಾಯಿ ಕ್ಯಾನ್ಸರಿನ ಕೋಶಗಳಲ್ಲಿ ಈ ರಿಸೆಪ್ಟರ್ ವಿಪರೀತ ಹೆಚ್ಚಿರುವುದು ಹಿಂದಿನಿಂದಲೂ ಗೊತ್ತು. ಬೆಂಗಳೂರಿನ ಬಯೋಕಾನ್ 2006ರಲ್ಲಿ ಮಾರುಕಟ್ಟೆಗೆ ತಂದ ನಿಮೊಟುಜುಮ್ಯಾಬ್ ಕೂಡ ಇದರ ಮೇಲೇ ಕೂರುವಂಥದು. ಟಾಟಾದವರು ಅದನ್ನೂ 536 ರೋಗಿಗಳ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ರೇಡಿಯೇಷನ್ ಜೊತೆ ಕೊಟ್ಟು ನೋಡಿದರು, ಅವರಲ್ಲಿ ರೋಗ ಮರುಕಳಿಸದೆ ಇರುವ ಅವಧಿ ಹೆಚ್ಚಿತು.

ಒಂದು ಮಾತು ನೇರವಾಗಿ ಹೇಳಬೇಕು. 151 ರೋಗಿಗಳ ಆ ಪರೀಕ್ಷೆಯಲ್ಲಿ ಸಣ್ಣ ಡೋಸನ್ನು ಪೂರ್ತಿ ಡೋಸಿನ ಎದುರು ನಿಲ್ಲಿಸಿರಲಿಲ್ಲ. ಸಣ್ಣ ಡೋಸು ಪೂರ್ತಿಗೆ ಸರಿಸಮ ಎಂದು ಅದು ಸಾಧಿಸಿಲ್ಲ. ಬರೀ ಮಾತ್ರೆ ಸಿಗುತ್ತಿದ್ದವನಿಗೆ ಇದೂ ಸಿಕ್ಕರೆ ಆಯುಷ್ಯ ಹೆಚ್ಚುತ್ತದೆ ಎಂಬುದನ್ನು ಸಾಧಿಸಿದೆ. ಉಲ್ಲಾಸನಗರದ ಕಾರ್ಖಾನೆಯ ಕಾರ್ಮಿಕನಿಗೆ, ಇಂಡಿಯ ನಿಂಬೆಹಣ್ಣಿನ ರೈತನಿಗೆ ಎದುರಿಗಿದ್ದ ಆಯ್ಕೆ ಪೂರ್ತಿ ಡೋಸೋ ಸಣ್ಣ ಡೋಸೋ ಎಂಬುದಾಗಿರಲಿಲ್ಲ, ಔಷಧಿಯೋ ಬರಿಗೈಯೋ ಎಂಬುದಾಗಿತ್ತು.

ಇನ್ನು ಖಾರಘರ್. ಪನವೇಲ್ ರಸ್ತೆಯಲ್ಲಿ ಓಡಾಡುವ ನಮ್ಮವರಿಗೆ ಬೆಟ್ಟದ ಅಡಿಯ ಆಕ್ಟ್ರೆಕ್ ಅಂದರೆ ‘ಟಾಟಾದ ಇನ್ನೊಂದು ಆಸ್ಪತ್ರೆ’ ಅಷ್ಟೇ. ಅಲ್ಲಿ ಲ್ಯಾಬುಗಳಿವೆ, ಪಿಎಚ್‌ಡಿ ಮಾಡುವ ಮಕ್ಕಳಿದ್ದಾರೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2021ರ ಜೂನ್ 4ರಂದು ದೇಶದ ಮೊದಲ ಕಾರ್-ಟಿ ಚಿಕಿತ್ಸೆ ನಡೆದದ್ದು ಅಲ್ಲಿನ ಅಸ್ಥಿಮಜ್ಜೆ ಕಸಿ ವಿಭಾಗದಲ್ಲಿ. ಇದರಲ್ಲಿ ರಿಸೆಪ್ಟರನ್ನು ತಡೆಯುವುದಿಲ್ಲ, ಹೊಸದಾಗಿ ಕಟ್ಟುತ್ತಾರೆ. ರೋಗಿಯ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ನಿಸರ್ಗದಲ್ಲಿ ಇಲ್ಲದ ಒಂದು ರಿಸೆಪ್ಟರಿನ ಜೀನ್ ಅವುಗಳಿಗೆ ಸೇರಿಸಿ, ಬೆಳೆಸಿ, ಮತ್ತೆ ಮೈಗೆ ಬಿಡುತ್ತಾರೆ. ಇಂಥದನ್ನು ಮೊದಮೊದಲು ಕಟ್ಟಿದವರಲ್ಲಿ ಇಸ್ರೇಲಿನ ಝೆಲಿಗ್ ಎಶಾರ್ ಒಬ್ಬರು, 1989ರಲ್ಲಿ. ಆ ಮೊದಲ ತಲೆಮಾರಿನ ಕೋಶಗಳು ಕ್ಯಾನ್ಸರನ್ನು ಗುರುತಿಸುತ್ತಿದ್ದವು, ಆದರೆ ಬೇಗ ದಣಿದು ಸಾಯುತ್ತಿದ್ದವು. ಟಿ ಕೋಶ ಎದ್ದು ನಿಲ್ಲಲು ಒಂದು ಸಂಕೇತ ಸಾಲದು, ಎರಡನೆಯದೂ ಬೇಕು ಎಂಬ ತಿಳಿವಳಿಕೆ ರಿಸೆಪ್ಟರಿನ ಒಳಬಾಲಕ್ಕೆ ಸೇರಿದ ಮೇಲೆಯೇ ಇದು ಔಷಧಿಯಾದದ್ದು. ಪವಾಯಿಯ ಐಐಟಿಯಲ್ಲಿ ರಾಹುಲ್ ಪುರ್ವಾರ್ ತಂಡ ಕಟ್ಟಿದ ನೆಕ್ಸ್‌ಕಾರ್19ರ ಒಳಬಾಲದಲ್ಲೂ ಅಂಥ ಎರಡು ತುಂಡುಗಳಿವೆ. 2023ರ ಅಕ್ಟೋಬರಿನಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಪರೀಕ್ಷೆಯಲ್ಲಿ ಔಷಧಿ ಪಡೆದವರು 64 ಮಂದಿ, ಫಲ ಅಳೆಯಲು ಸಾಧ್ಯವಾದವರಲ್ಲಿ ನೂರಕ್ಕೆ 73ರಷ್ಟು ಜನರ ರೋಗ ಇಳಿಯಿತು. ಅಮೆರಿಕದಲ್ಲಿ ಮೊದಲು ಬಂದ ಇಂಥ ಚಿಕಿತ್ಸೆಯ ಬೆಲೆ 2017ರಲ್ಲಿ 4,75,000 ಡಾಲರ್ ಇತ್ತು. ಇಲ್ಲಿ ಬಂದಾಗ ಅದರ ಸುಮಾರು ಹತ್ತರಲ್ಲಿ ಒಂದು ಪಾಲು. ಅದೂ ಲಕ್ಷಾಂತರ ರೂಪಾಯಿಯೇ, ಬಡವನಿಗೆ ಇನ್ನೂ ದೂರದ ಮಾತೇ.

ಈ ಚಿಕಿತ್ಸೆ ಉಳಿದುಕೊಂಡದ್ದೇ ಒಂದು ರಿಸೆಪ್ಟರಿನಿಂದ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಕಾರ್-ಟಿ ಕೊಟ್ಟಾಗ ಜ್ವರ ಏರಿ ಐಸಿಯು ಸೇರಿದಳು. ರಕ್ತದಲ್ಲಿ ಐಎಲ್-6 ಎಂಬ ಅಣು ವಿಪರೀತ ಏರಿತ್ತು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಕೀಲುವಾತವಿತ್ತು. ಐಎಲ್-6ರ ರಿಸೆಪ್ಟರನ್ನು ತಡೆಯುವ ಟೊಸಿಲಿಜುಮ್ಯಾಬ್ ಎಂಬ ಔಷಧಿ ಆ ರೋಗಕ್ಕೆ ಬಂದಿರುವುದು ಅದರಿಂದಾಗಿ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟರು, ಹುಡುಗಿ ಚೇತರಿಸಿಕೊಂಡಳು. ಕೀಲುನೋವಿಗೆಂದು ಬಂದ ಔಷಧಿ ರಕ್ತದ ಕ್ಯಾನ್ಸರಿನ ಮಗುವನ್ನು ಉಳಿಸಿತು. ಅದೇ ಹುಡುಗಿಯನ್ನು ಅಂದು ಕಳೆದುಕೊಂಡಿದ್ದರೆ ಖಾರಘರಿನ 2021 ಬರುತ್ತಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಕೇಳುವುದು ಇಷ್ಟು. ಎಷ್ಟು ಸಾಕು ಎಂದು ಕೇಳುವ ಪರೀಕ್ಷೆಗಳಿಗೆ ಸರ್ಕಾರ ಪ್ರತ್ಯೇಕವಾಗಿ ಹಣ ಎತ್ತಿಡಬೇಕು, ವರ್ಷವರ್ಷವೂ. ರಿಸೆಪ್ಟರ್ ಮೇಲೆ ಕೂರುವ ಪ್ರತಿ ದುಬಾರಿ ಔಷಧಿಗೂ ಇಂಥದೊಂದು ಪರೀಕ್ಷೆ ನಮ್ಮ ನೆಲದಲ್ಲಿ, ನಮ್ಮ ರೋಗಿಗಳಲ್ಲಿ ನಡೆಯಬೇಕು. ಪೂರ್ತಿ ಡೋಸಿನ ಎದುರು ಸಣ್ಣ ಡೋಸನ್ನು ನಿಲ್ಲಿಸಿ ನೋಡುವ ಧೈರ್ಯಕ್ಕೆ ಸರ್ಕಾರದ ಬೆನ್ನಾಸರೆ ಬೇಕು. ಕಂಪನಿಯ ಹಣದಿಂದ ಅದು ಆಗುವ ಕೆಲಸವಲ್ಲ. ಠಾಣೆ-ಬೇಲಾಪುರ ರಸ್ತೆಯ ಔಷಧಿ ಕಾರ್ಖಾನೆಗಳಿಗೆ ಡೊಂಬಿವ್ಲಿಯಿಂದ, ಕಲ್ಯಾಣದಿಂದ ದಿನವೂ ಬಸ್ಸು ಹತ್ತುವ ನಮ್ಮ ಬಿ.ಫಾರ್ಮ ಓದಿದ ಮಕ್ಕಳಲ್ಲಿ ಕೆಲವರಾದರೂ ಆ ಬಸ್ಸನ್ನು ಬಿಟ್ಟು ಖಾರಘರಿನ ಲ್ಯಾಬಿನ ದಾರಿ ಹಿಡಿಯಬೇಕು. ಮಾತ್ರೆ ಒತ್ತುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಮಾತ್ರೆ ಕೋಶದ ಬಾಗಿಲಲ್ಲಿ ಏನು ಮಾಡುತ್ತದೆ ಎಂದು ಕೇಳುವವರು ಸಾಲದು.

ಕಾಕಾನಿಗೆ ಇದನ್ನೆಲ್ಲ ನಾನು ಹೇಳಿದ್ದು ನಾಲ್ಕನೆಯ ಡೋಸಿನ ದಿನ, ಬೆಂಚಿನ ಮೇಲೆ ಕೂತು. ‘ಮೂರು ಮಂದಿ ಕೂಡು ಬಾಕಿನ ಮ್ಯಾಲ ಮೂವತ್ತು ಮಂದಿನ್ನ ಕರದ್ರ ಏನ್ ಬಂತ್ರಿ ಕಾಕಾ?’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಕಡಿಮಿ ಹಾಕಿಲ್ಲ, ಸರಿ ಹಾಕ್ಯಾರ’ ಎಂದರು. ಊಟ ಸೇರತೊಡಗಿತು. ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿ ಬಂದರು, ಮೆತ್ತನೆಯ ಹೋಳಿಗೆ ಹಾಲಿನಲ್ಲಿ ನೆನೆಸಿ ತಿಂದರು. ಹನ್ನೊಂದು ತಿಂಗಳು ಚೆನ್ನಾಗಿಯೇ ಕಳೆದವು. ಆಮೇಲೆ ಗಡ್ಡೆ ಔಷಧಿಗೆ ಬಗ್ಗಲಿಲ್ಲ.

ಅವರ ಮಣ್ಣು ಮುಗಿಸಿ ನಾನು ಡೊಂಬಿವ್ಲಿಗೆ ವಾಪಸಾದ ಎರಡನೆಯ ದಿನ ಭಿವಂಡಿಯಿಂದ ಫೋನ್ ಬಂತು. ಸಮಾಧಾನದ ನಾಲ್ಕು ಮಾತಾಡಿದ ಮೇಲೆ ಆ ಮನುಷ್ಯ ತಡವರಿಸುತ್ತ, ಬರುವ ಮಂಗಳವಾರ ತನ್ನ ಸರದಿ ಇದೆ, ವಯಲ್ ಹಂಚಿಕೊಳ್ಳಲು ಯಾರೂ ಇಲ್ಲ ಎಂದರು. ಐದು ದಿನ ಉಳಿದಿತ್ತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಗೆ ಫೋನ್ ಮಾಡಿ ಪಟ್ಟಿ ಕೇಳಿದೆ. ಕಳವಾ ಊರಿನ ಒಬ್ಬ ತಾಯಿಯ ಹೆಸರಿತ್ತು, ಅವರ ಸರದಿ ಗುರುವಾರ. ಅದನ್ನು ಮಂಗಳವಾರಕ್ಕೆ ತರಲಾದೀತೇ ಎಂದು ಡಾಕ್ಟರನ್ನು ಕೇಳಿ, ಹೂಂ ಅನ್ನಿಸಿಕೊಂಡು, ಥರ್ಮೊಕೋಲ್ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟೆ.